ಶಿಕ್ಕಾ ಮಾಡಲು ಯಾವ ಯಂತ್ರ? 'ಧ' ಅಕ್ಷರವನ್ನೇ ಕೇಳಿ

ಒಂದು ಹಾಳೆಯ ಮೇಲೆ 'ಹುಬ್ಬಳ್ಳಿ-ಧಾರವಾಡ' ಎಂದು ಬರೆದು ನೋಡಿ. ಅಕ್ಷರ ಕಡಲೆ ಕಾಳಿನಷ್ಟಿದ್ದರೆ ಸಾಕು. 'ಧ'ದ ಹೊಟ್ಟೆ ಸೀಳುವ ಆ ಪುಟ್ಟ ಗೀಟು ಇದೆಯಲ್ಲ, ಶಿಕ್ಕಾದಲ್ಲಿ, ಅಂದರೆ ರಬ್ಬರ್ ಸ್ಟ್ಯಾಂಪಿನಲ್ಲಿ, ಅದು ಮೂಡದಿದ್ದರೆ ಊರಿನ ಹೆಸರು 'ದಾರವಾಡ' ಆಗುತ್ತದೆ. 'ಬ್ಬ', 'ಳ್ಳಿ' ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡರೆ ಹುಬ್ಬಳ್ಳಿ ಬರೀ ಶಾಯಿಯ ಕಲೆ. ಪ್ರೌಢಶಾಲೆಯ ಮಕ್ಕಳಿಗೆ ಶಿಕ್ಕಾ ಮಾಡಿಸಲು ಶುರು ಮಾಡಿದ ಮೇಲೆ ನಾನು ಪ್ರತಿ ಯಂತ್ರಕ್ಕೂ ಇದೇ ಪದವನ್ನು ಪರೀಕ್ಷೆಗೆ ಕೊಡುತ್ತೇನೆ. ಇಂಗ್ಲಿಷಿನ 'ಎಚ್‌' 'ಡಿ' ಎರಡನ್ನು ಯಾವ ಯಂತ್ರ ಬೇಕಾದರೂ ಚೆನ್ನಾಗಿ ಮಾಡಿಬಿಡುತ್ತದೆ. ಕನ್ನಡ ಬಂದಾಗಲೇ ಅದರ ಬಣ್ಣ ಬಯಲಾಗುವುದು.

ರಬ್ಬರ್ ಸ್ಟ್ಯಾಂಪು, ಸೀಲು, ಠಸ್ಸೆ, ಹೀಗೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ನಮ್ಮ ಕಡೆ ಶಿಕ್ಕಾ. ಮಕ್ಕಳಿಗೆ ಡಿಸೈನ್ ಕಲಿಸಲು ಇದಕ್ಕಿಂತ ಒಳ್ಳೆಯ ಕೆಲಸ ನನಗಂತೂ ಸಿಕ್ಕಿಲ್ಲ. ಸಣ್ಣ ವಸ್ತು, ಬೇಗ ಮುಗಿಯುತ್ತದೆ. ಒತ್ತಿ ನೋಡಿದ ಕೂಡಲೇ ತಪ್ಪು ಕಾಣುತ್ತದೆ. ಆದರೆ ಯಾವ ಯಂತ್ರದಲ್ಲಿ ಮಾಡಿಸಬೇಕು? ಶಾಲೆಯಲ್ಲಿ ಯಾವುದಿದೆಯೋ ಅದರಲ್ಲಿ ಎನ್ನುವುದು ಸಾಮಾನ್ಯ ಉತ್ತರ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ 3ಡಿ ಪ್ರಿಂಟರ್ ಇರುತ್ತದೆ, ಲೇಸರ್ ಯಂತ್ರ ಅಪರೂಪ. ಹಾಗಾಗಿ ಎಲ್ಲರೂ 3ಡಿ ಪ್ರಿಂಟರಿನಿಂದಲೇ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದೆ. ಈಗ ಮೊದಲು ಕೇಳುವುದು ಬೇರೆ: ಶಿಕ್ಕಾದಲ್ಲಿ ಬರಹ ಇದೆಯೋ ಚಿತ್ರ ಇದೆಯೋ, ಮತ್ತು ಅದನ್ನು ಒತ್ತುವುದು ಯಾವುದರ ಮೇಲೆ?

ಮೊದಲು ಉಲ್ಟಾ ವಿಷಯ

ಯಂತ್ರ ಯಾವುದೇ ಇರಲಿ, ಮೊದಲ ದಿನ ಒಬ್ಬರಾದರೂ ಕೂಗುತ್ತಾರೆ: "ಸರ್, ಉಲ್ಟಾ ಬಂದೈತ್ರಿ!" ಶಿಕ್ಕಾದ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಇರಬೇಕು, ಆಗಲೇ ಕಾಗದದ ಮೇಲೆ ಸರಿಯಾಗಿ ಬೀಳುತ್ತದೆ. ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಗದಗನ್ನು ಮುದ್ರಣ ಕಾಶಿ ಎಂದು ಕರೆಯುತ್ತಾರಲ್ಲ, ಅಲ್ಲಿನ ಹಳೇ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸುತ್ತಿದ್ದವರು ಉಲ್ಟಾ ಅಕ್ಷರಗಳನ್ನು ಸಲೀಸಾಗಿ ಓದುತ್ತಿದ್ದರು. ನಮ್ಮ ಮಕ್ಕಳಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು?

ಅದಕ್ಕೇ ನಾನು ಮೊದಲ ಪಿರಿಯಡ್ ಕಂಪ್ಯೂಟರ್ ತೆರೆಯುವುದಿಲ್ಲ. ಎಲ್ಲರಿಗೂ ಒಂದೊಂದು ಬಿಳಿ ಅಳಿಸುವ ರಬ್ಬರು. ಕಾಗದದ ಮೇಲೆ ಪೆನ್ಸಿಲಿನಿಂದ ತಮ್ಮ ಹೆಸರಿನ ಮೊದಲ ಅಕ್ಷರವನ್ನು ದಪ್ಪಗೆ ಬರೆಯಬೇಕು. ಅದರ ಮೇಲೆ ರಬ್ಬರನ್ನು ಒತ್ತಿ ಎತ್ತಿದರೆ ಪೆನ್ಸಿಲಿನ ಪುಡಿ ರಬ್ಬರಿಗೆ ಅಂಟಿ, ಅಕ್ಷರ ತಾನಾಗಿಯೇ ಉಲ್ಟಾ ಮೂಡಿರುತ್ತದೆ. ಸುತ್ತಲಿನ ರಬ್ಬರನ್ನು ಕಟರಿನಿಂದ ಕೆತ್ತಿ ತೆಗೆದರೆ ಶಿಕ್ಕಾ ರೆಡಿ. ಕಟರಿನ ಬ್ಲೇಡನ್ನು ಒಂದೇ ಮನೆಯಷ್ಟು ಹೊರಗೆ ತಳ್ಳಿ ಕೊಡಿ, ಕೆತ್ತುವಾಗ ಇನ್ನೊಂದು ಕೈ ಬ್ಲೇಡಿನ ಹಿಂದೆ ಇರಲಿ. ಐದಾರು ರೂಪಾಯಿಯ ರಬ್ಬರಿನಲ್ಲಿ ಉಲ್ಟಾ ಅಂದರೇನು, ಉಬ್ಬು ಅಂದರೇನು, ತಗ್ಗು ಅಂದರೇನು ಎಲ್ಲ ತಿಳಿದುಬಿಡುತ್ತದೆ. ನಿಮ್ಮಲ್ಲಿ ಯಾವ ಯಂತ್ರವೂ ಇಲ್ಲದಿದ್ದರೆ ಇಷ್ಟಕ್ಕೇ ನಿಲ್ಲಿಸಿದರೂ ನಷ್ಟವಿಲ್ಲ.

ಕಂಪ್ಯೂಟರಿಗೆ ಬಂದ ಮೇಲೆ ಇನ್ನೊಂದು ತೊಂದರೆ ಇದೆ. ಹಳೇ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏನೇನೋ ಗೀಚಿದ ಹಾಗೆ ಕಾಣುತ್ತದೆ. ಯೂನಿಕೋಡಿನಲ್ಲೇ ಬರೆಸಿ. ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ, ಎರಡೂ ಪುಕ್ಕಟೆ ಸಿಗುತ್ತವೆ. ಅದರಲ್ಲೂ ದಪ್ಪನೆಯ ನಮೂನೆ ಆರಿಸಿ. ಚಿತ್ರ ಬಿಡಿಸುವ ಸಾಫ್ಟ್‌ವೇರಾದ ಇಂಕ್‌ಸ್ಕೇಪಿನಲ್ಲಿ ಬರೆದು 'ಆಬ್ಜೆಕ್ಟ್ ಟು ಪಾತ್' ಒತ್ತಿದರೆ ಅಕ್ಷರ ಗೆರೆಯಾಗಿ ಬದಲಾಗುತ್ತದೆ, ಆಮೇಲೆ ಫಾಂಟಿನ ಗೊಡವೆ ಇಲ್ಲ. ಕೊನೆಗೆ 'ಯೂನಿಯನ್' ಒತ್ತುವುದನ್ನು ಮರೆಯಬೇಡಿ. ಕನ್ನಡದಲ್ಲಿ ಕೊಂಬು, ದೀರ್ಘ, ಒತ್ತುಗಳು ಮೂಲ ಅಕ್ಷರದ ಮೇಲೆ ಸ್ವಲ್ಪ ಏರಿ ಕೂತಿರುತ್ತವೆ. ಯೂನಿಯನ್ ಮಾಡದಿದ್ದರೆ ಹಾಗೆ ಏರಿದ ಜಾಗವನ್ನು ಯಂತ್ರ ತೂತು ಎಂದು ತಿಳಿಯಬಹುದು. 'ರೂ' ಅಕ್ಷರದ ನಡುವೆ ಯಾಕೆ ಬಿಳಿ ಚುಕ್ಕೆ ಬರುತ್ತಿದೆ ಎಂದು ನಾವು ಎರಡು ದಿನ ತಲೆ ಕೆಡಿಸಿಕೊಂಡಿದ್ದೆವು.

3ಡಿ ಪ್ರಿಂಟರ್: ಚಿತ್ರಕ್ಕೆ ಸರಿ, ಬರಹಕ್ಕೆ ಯೋಚಿಸಿ

ಶಾಲೆಯ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಇರುವುದು 0.4 ಮಿ.ಮೀ. ನಾಝಲ್, ಅಂದರೆ ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ. ಹಾಗಾಗಿ ಅದು ಎಳೆಯುವ ಒಂದು ಗೆರೆಯೇ ಹೆಚ್ಚುಕಡಿಮೆ ಅಷ್ಟು ದಪ್ಪ. ಗಟ್ಟಿಯಾಗಿ ನಿಲ್ಲಬೇಕಾದರೆ ಎರಡು ಗೆರೆ ಬೇಕು, ಅಲ್ಲಿಗೆ 0.8 ಮಿ.ಮೀ. ಗೆರೆಗಳ ನಡುವಿನ ಸಂದಿಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಹರಿದು ಸಂದಿ ಮುಚ್ಚಿಹೋಗುತ್ತದೆ. ಈ ಲೆಕ್ಕ ಹಿಡಿದು 'ಧ' ಬರೆಯಿರಿ. ಅಕ್ಷರದ ಎತ್ತರ 10 ಮಿ.ಮೀ. ಹತ್ತಿರ ಬಂದಾಗಲೇ ಸೀಳು ಸೀಳಾಗಿ ಕಾಣುತ್ತದೆ. 'ಹುಬ್ಬಳ್ಳಿ'ಗೆ ಇನ್ನೂ ಜಾಸ್ತಿ ಬೇಕು, ಒತ್ತುಗಳು ಮೂಲ ಅಕ್ಷರಕ್ಕಿಂತ ಚಿಕ್ಕವು ನೋಡಿ. ಹಾಗಾಗಿ ಗ್ರಂಥಾಲಯದ ದುಂಡು ಸೀಲಿನ ಅಂಚಿನಲ್ಲಿ ಶಾಲೆಯ ಹೆಸರು ಬರಬೇಕು ಎನ್ನುವಂಥ ಕೆಲಸಕ್ಕೆ ಇದು ಒಗ್ಗುವುದಿಲ್ಲ. ಪ್ರಯತ್ನ ಮಾಡಿದ್ದೇವೆ, ಓದಲಾಗದ ಆರು ಸೀಲುಗಳು ಇನ್ನೂ ಲ್ಯಾಬಿನ ಡಬ್ಬಿಯಲ್ಲಿವೆ.

ಚಿತ್ರಕ್ಕಾದರೆ ಸೊಗಸು. ಧಾರವಾಡ ಕಸೂತಿಯ ಗೋಪುರ, ಆನೆ, ತೇರು ಇಂಥವನ್ನು ಮಕ್ಕಳು ಬಹಳ ಇಷ್ಟಪಟ್ಟು ಮಾಡುತ್ತಾರೆ. ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆ, ಅದಕ್ಕೆ ಬಟ್ಟೆಯ ಮೇಲೆ ಮೊದಲೇ ಅಚ್ಚು ಒತ್ತಿಕೊಳ್ಳುವ ಪದ್ಧತಿ ಇಲ್ಲ. ಆದ್ದರಿಂದ ನಾವು ಕಸೂತಿ ಮಾಡುತ್ತಿದ್ದೇವೆ ಎಂದು ಹೇಳಿಕೊಳ್ಳುವುದು ಬೇಡ. ಆದರೆ ಎಳೆ ಎಣಿಸಿದ್ದರಿಂದಲೇ ಆ ಚಿತ್ರಗಳು ಚೌಕುಳಿ ಹಾಳೆಯ ಮೇಲೆ ಅಚ್ಚುಕಟ್ಟಾಗಿ ಕೂಡುತ್ತವೆ. ಒಂದು ಚೌಕ ಅಂದರೆ 1 ಮಿ.ಮೀ. ಎಂದು ಇಟ್ಟುಕೊಂಡರೆ ಪ್ರಿಂಟರಿಗೂ ಹಿತ. ಮೆಂತಿ ಹೊಲಿಗೆಯ ದಟ್ಟ ಚಿತ್ರ ಚೆನ್ನಾಗಿ ಬರುತ್ತದೆ. ಮುರ್ಗಿಯ ಮೆಟ್ಟಿಲು ಗೆರೆಯನ್ನು ಮಾತ್ರ ಸ್ವಲ್ಪ ದಪ್ಪ ಮಾಡಿಕೊಳ್ಳಬೇಕು.

ಅಳತೆ ಹೀಗಿಡಿ: ತಳ 3 ಮಿ.ಮೀ., ಅದರ ಮೇಲೆ ಚಿತ್ರದ ಉಬ್ಬು 2 ಮಿ.ಮೀ. ಉಬ್ಬು ಕಡಿಮೆಯಾದರೆ ತಳಕ್ಕೂ ಇಂಕು ಹತ್ತಿ ಕಾಗದ ಹೊಲಸಾಗುತ್ತದೆ. ಸ್ಲೈಸರಿನಲ್ಲಿ (ಡಿಸೈನನ್ನು ಪದರ ಪದರವಾಗಿ ಪ್ರಿಂಟರಿಗೆ ಸಿದ್ಧ ಮಾಡುವ ಸಾಫ್ಟ್‌ವೇರ್) 'ಐರನಿಂಗ್' ಆನ್ ಮಾಡಿ, ಬಿಸಿ ನಾಝಲ್ ಮೇಲಿನ ಪದರದ ಮೇಲೆ ಇಸ್ತ್ರಿ ಪೆಟ್ಟಿಗೆಯ ಹಾಗೆ ಇನ್ನೊಮ್ಮೆ ಓಡಾಡಿ ನುಣುಪು ಮಾಡುತ್ತದೆ. ಆದರೂ ಸಾಲದು. 400 ನಂಬರಿನ ಪಾಲಿಶ್ ಕಾಗದವನ್ನು ಗಾಜಿನ ಮೇಲೆ ಹಾಸಿ, ಶಿಕ್ಕಾವನ್ನು ಬೋರಲು ಹಾಕಿ ದುಂಡಗೆ ತಿಕ್ಕಿಸಿ. 3ಡಿ ಪ್ರಿಂಟರಿಗೆ ಸಾಮಾನ್ಯವಾಗಿ ಹಾಕುವ ಪಿಎಲ್ಎ ಪ್ಲಾಸ್ಟಿಕ್ ಮೇಲೆ ನೀರಿನ ಇಂಕು ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿಗಟ್ಟುತ್ತದೆ. ತಿಕ್ಕಿದ ಮೇಲೆ ಸ್ವಲ್ಪ ಹಿಡಿಯುತ್ತದೆ. ಇನ್ನೊಂದು ಉಪಾಯ: ಒತ್ತುವಾಗ ಕಾಗದದ ಕೆಳಗೆ ಹಳೇ ನೋಟುಬುಕ್ಕು ಇಡಿ. ಶಿಕ್ಕಾ ಗಟ್ಟಿ ಇದ್ದರೆ ಕೆಳಗಿನದಾದರೂ ಮೆತ್ತಗಿರಬೇಕು, ಅಲ್ವಾ?

"ಮೆತ್ತಗಿನ ಫಿಲಮೆಂಟ್ (ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆ) ಬರುತ್ತದಲ್ಲ, ಟಿಪಿಯು ಹಾಕಿದರೆ?" ಎಂದು ಕೇಳುವವರಿದ್ದಾರೆ. ಹಾಕಬಹುದು. ಆದರೆ ಸಾಮಾನ್ಯವಾಗಿ ಸಿಗುವ ಟಿಪಿಯು 95ಎ ಗಟ್ಟಿತನದ್ದು. ಹೆಸರಿಗೆ ರಬ್ಬರಿನಂಥದ್ದು, ಕೈಯಲ್ಲಿ ಹಿಡಿದರೆ ಮಾಲ್‌ಗಳ ಟ್ರಾಲಿ ಚಕ್ರದಷ್ಟು ಬಿರುಸು. ಅಚ್ಚು ಪಿಎಲ್ಎಗಿಂತ ಚೆನ್ನಾಗಿ ಬೀಳುವುದು ನಿಜ. ಆದರೆ ನಿಧಾನವಾಗಿ ಪ್ರಿಂಟ್ ಮಾಡಬೇಕು, ಅಕ್ಷರಗಳ ನಡುವೆ ಜೇಡರ ಬಲೆಯಂಥ ಎಳೆಗಳು ಉಳಿಯುತ್ತವೆ, ಉದ್ದ ಕೊಳವೆಯ ಮೂಲಕ ಫಿಲಮೆಂಟ್ ತಳ್ಳುವ ಪ್ರಿಂಟರಾದರೆ ನಡುವೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಧಾರವಾಡದ ಹವೆಗೆ ಅದು ತೇವ ಹೀರಿ ಚಟಪಟ ಸದ್ದು ಮಾಡುತ್ತದೆ. ಬೇಳೆ ತುಂಬುವ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿ ಇಡಿ. ಇಷ್ಟೆಲ್ಲ ಒದ್ದಾಡುವ ಬದಲು ನಾನು ಪಿಎಲ್ಎ ತಿಕ್ಕುತ್ತೇನೆ.

ಪಿಎಲ್ಎ ಗಟ್ಟಿಯಾಗಿರುವುದೇ ವರವಾಗುವ ಜಾಗ ಒಂದಿದೆ, ಅದು ಮಣ್ಣು. ಹಸಿ ಜೇಡಿಮಣ್ಣಿನ ಹಣತೆ, ಬಿಲ್ಲೆ ಇವುಗಳ ಮೇಲೆ ಒತ್ತಲು ಗಟ್ಟಿ ಶಿಕ್ಕಾವೇ ಬೇಕು. ಅಲ್ಲಿ ಇಂಕಿನ ತಾಪತ್ರಯವೂ ಇಲ್ಲ. ಬಿಸ್ಕತ್ತಿನ ಹಿಟ್ಟಿನ ಮೇಲೂ ಒತ್ತಬಹುದಾ ಎಂದರೆ, ಪದರಗಳ ಸಂದಿಯಲ್ಲಿ ಹಿಟ್ಟು ಕೂತು ತೊಳೆಯಲು ಬರುವುದಿಲ್ಲ. ಬೇಡ.

ಲೇಸರ್: ಕನ್ನಡ ಬರಹಕ್ಕೆ ಇದೇ

ಲೇಸರಿನಲ್ಲಿ ಕೆತ್ತುವುದಕ್ಕೆಂದೇ ರಬ್ಬರ್ ಹಾಳೆ ಬರುತ್ತದೆ. ದಪ್ಪ ಸಾಮಾನ್ಯವಾಗಿ 2.3 ಮಿ.ಮೀ. ಕಾರ್ಬನ್ ಡೈಆಕ್ಸೈಡ್ ಲೇಸರ್ ಬೇಡದ ರಬ್ಬರನ್ನು ಸುಟ್ಟು ಪುಡಿ ಮಾಡುತ್ತದೆ, ಅಕ್ಷರ ಮಾತ್ರ ಉಳಿಯುತ್ತದೆ. 'ಹುಬ್ಬಳ್ಳಿ-ಧಾರವಾಡ' ಪರೀಕ್ಷೆಯಲ್ಲಿ 12 ಪಾಯಿಂಟ್ ಅಕ್ಷರವೂ ಪಾಸಾಯಿತು. 'ಳ್ಳಿ'ಯ ಒತ್ತು ಸ್ಪಷ್ಟ, 'ಧ'ದ ಸೀಳು ಸ್ಪಷ್ಟ. ಮೊದಲ ಅಚ್ಚು ಬಿದ್ದಾಗ ಒಬ್ಬ ಹುಡುಗಿ ತನ್ನ ನೋಟುಬುಕ್ಕಿನ ಎಲ್ಲ ಪುಟಕ್ಕೂ ಹೊಡೆದುಕೊಂಡಳು.

ಇಲ್ಲಿ ಎರಡು ಉಲ್ಟಾ ಇವೆ. ಒಂದು ಕನ್ನಡಿ ಉಲ್ಟಾ. ಇನ್ನೊಂದು ಕಪ್ಪು ಬಿಳುಪಿನ ಉಲ್ಟಾ, ಯಾಕೆಂದರೆ ಸುಡಬೇಕಾದದ್ದು ಅಕ್ಷರವನ್ನಲ್ಲ, ಸುತ್ತಲಿನ ಜಾಗವನ್ನು. ಎರಡನೆಯದನ್ನು ಮರೆತರೆ ಅಕ್ಷರ ಗುಂಡಿಯಾಗಿ, ಸುತ್ತಲಿನ ಜಾಗ ಉಬ್ಬಾಗಿ ಉಳಿಯುತ್ತದೆ. ಅದು ಪೂರ್ತಿ ವ್ಯರ್ಥವೇನೂ ಅಲ್ಲ, ನೀಲಿ ಚೌಕದೊಳಗೆ ಬಿಳಿ ಹೆಸರು ಬೀಳುತ್ತದೆ. ನಮ್ಮಲ್ಲಿ ಒಬ್ಬ ಹಾಗೆ ತಪ್ಪಿ ಮಾಡಿದ್ದು ಎಲ್ಲರಿಗೂ ಇಷ್ಟವಾಗಿ, ಆಮೇಲೆ ಬೇಕಂತಲೇ ಮಾಡಿದರು.

ಆಳ 1 ಮಿ.ಮೀ. ಆದರೂ ಬೇಕು. ಒಂದೇ ಸಲ ಜೋರಾಗಿ ಸುಡುವುದಕ್ಕಿಂತ ಎರಡು ಮೂರು ಸಲ ಹಗುರವಾಗಿ ಓಡಿಸಿದರೆ ಅಂಚು ಚೊಕ್ಕಟವಾಗಿರುತ್ತದೆ. ಸಣ್ಣ ಗೆರೆಗಳು ಗೋಡೆಯ ಹಾಗೆ ನೆಟ್ಟಗೆ ನಿಂತರೆ ಒತ್ತಿದಾಗ ವಾಲುತ್ತವೆ. ಅದಕ್ಕೆ ಬುಡ ಅಗಲ, ತುದಿ ಕಿರಿದು ಇರುವ ಹಾಗೆ ಇಳಿಜಾರು ಕೊಡಬೇಕು. ಲೈಟ್‌ಬರ್ನ್‌ನಂಥ ಸಾಫ್ಟ್‌ವೇರಿನಲ್ಲಿ 'ರ‍್ಯಾಂಪ್' ಎಂಬ ಆಯ್ಕೆ ಇದೆ. 'ಧ'ದ ಗೀಟು ಉಳಿಯುವುದು ಇದರಿಂದಲೇ. ಕೆಲಸ ಮುಗಿದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರು ಹಾಕಿ ಮಸಿ ತೊಳೆಯಿರಿ.

ತೊಂದರೆಗಳೂ ಸಣ್ಣವಲ್ಲ. ಮೊದಲನೆಯದು ವಾಸನೆ. ಟೈರ್ ಸುಟ್ಟ ವಾಸನೆ, ಹೊಗೆ ಹೊರಹಾಕುವ ಫ್ಯಾನು, ಪೈಪು ಇಲ್ಲದಿದ್ದರೆ ಪಕ್ಕದ ಕ್ಲಾಸಿನವರು ಜಗಳಕ್ಕೆ ಬರುತ್ತಾರೆ, ಬರಲೇಬೇಕು. ಎರಡನೆಯದು ಯಂತ್ರ ಬಿಟ್ಟು ಏಳುವ ಹಾಗಿಲ್ಲ. ರಬ್ಬರ್ ಬೆಂಕಿ ಹಿಡಿಯಬಹುದು, ಪಕ್ಕದಲ್ಲಿ ಒಬ್ಬ ದೊಡ್ಡವರು ಕೂತಿರಬೇಕು. ಮೂರನೆಯದು ಹಾಳೆ ಯಾವುದು ಎಂದು ಖಾತ್ರಿ ಇರಬೇಕು. ಮನೆಯಲ್ಲಿದ್ದ ಟೇಬಲ್ ಶೀಟು, ರೆಕ್ಸಿನ್ ತುಂಡು ತಂದು "ಇದರಲ್ಲಿ ಮಾಡೋಣ್ರಿ ಸರ್" ಎನ್ನುವ ಮಕ್ಕಳಿರುತ್ತಾರೆ. ಅದರಲ್ಲಿ ಪಿವಿಸಿ ಇದ್ದರೆ ಲೇಸರಿನಡಿ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೂ ಕೆಟ್ಟದ್ದು, ಯಂತ್ರದ ಲೋಹದ ಭಾಗಗಳೂ ತುಕ್ಕು ಹಿಡಿಯುತ್ತವೆ. ಏನೆಂದು ಗೊತ್ತಿಲ್ಲದ್ದನ್ನು ಒಳಗೆ ಇಡಬೇಡಿ.

ಈಗ ಕಡಿಮೆ ಬೆಲೆಗೆ ನೀಲಿ ಬೆಳಕಿನ ಡಯೋಡ್ ಲೇಸರ್ ಬರುತ್ತಿವೆ. ಕಡುಬಣ್ಣದ ರಬ್ಬರನ್ನು ನಿಧಾನವಾಗಿ ಕೆತ್ತುತ್ತವೆ, ನಿಜ. ಆದರೆ ಬಹಳಷ್ಟು ಬರುವುದು ಸುತ್ತ ಪೆಟ್ಟಿಗೆ ಇಲ್ಲದೆ ಬರೀ ಚೌಕಟ್ಟಾಗಿ. ಮೂವತ್ತು ಜೋಡಿ ಕಣ್ಣು ಇರುವ ಕೋಣೆಯಲ್ಲಿ ಅದನ್ನು ತೆರೆದು ಓಡಿಸುವುದಕ್ಕೆ ನಾನು ಒಪ್ಪುವುದಿಲ್ಲ. ಮುಚ್ಚಿದ ಪೆಟ್ಟಿಗೆಯದ್ದಾದರೆ ಮಾತ್ರ ತನ್ನಿ.

ಶಾಲೆಯಲ್ಲಿ ಲೇಸರ್ ಇಲ್ಲವಾ? ಅಕ್ರಿಲಿಕ್ ನಾಮಫಲಕ, ಟ್ರೋಫಿ ಮಾಡುವ ಅಂಗಡಿಗಳಲ್ಲಿ ಈ ಯಂತ್ರ ಇರುತ್ತದೆ. ರಬ್ಬರ್ ಎಂದರೆ ಕೆಲವರು ಮುಖ ಸಿಂಡರಿಸುತ್ತಾರೆ, ಮಸಿ ಲೆನ್ಸಿಗೆ ಅಂಟುತ್ತದೆ ಎಂಬ ಭಯ ಅವರಿಗೆ. ಒಂದು ಕಡೆ ನಮಗೆ ಆದದ್ದು ಹೇಳುತ್ತೇನೆ. ಫೈಲನ್ನು ಕನ್ನಡಿ ಉಲ್ಟಾ ಮಾಡಿಯೇ ಕೊಟ್ಟಿದ್ದೆವು. ಅಂಗಡಿಯವರು "ಇವರಿಗೆ ಗೊತ್ತಾಗಿಲ್ಲ, ಪಾಪ" ಎಂದುಕೊಂಡು ಅವರೂ ಒಮ್ಮೆ ಉಲ್ಟಾ ಮಾಡಿದರು. ಇಪ್ಪತ್ತೆಂಟು ಶಿಕ್ಕಾ ಸುಮ್ನೆ ಹಾಳಾದವು. ಈಗ ಫೈಲಿನ ಹೆಸರಲ್ಲೇ 'ಉಲ್ಟಾ ಮಾಡಿದೆ, ಮತ್ತೆ ಮಾಡಬೇಡಿ' ಎಂದು ಬರೆದು ಕೊಡುತ್ತೇವೆ.

ಫೋಮ್ ಹಾಳೆ: ದೊಡ್ಡದಕ್ಕೆ

ಕ್ರಾಫ್ಟ್ ಅಂಗಡಿಯಲ್ಲಿ ಸಿಗುವ 2 ಮಿ.ಮೀ. ಬಣ್ಣದ ಫೋಮ್ ಹಾಳೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕತ್ತರಿಯಲ್ಲಿ ಕತ್ತರಿಸಿ, ಮರದ ತುಂಡಿಗೆ ಅಂಟಿಸಿದರೆ ಮುಗಿಯಿತು. ವಿನೈಲ್ ಕಟರ್ (ಸ್ಟಿಕರ್ ಹಾಳೆ ಕತ್ತರಿಸುವ ಯಂತ್ರ) ಇದ್ದರೆ ಗೆರೆ ಇನ್ನೂ ಚೊಕ್ಕ, ಆದರೆ ಹಗುರ ಯಂತ್ರದ ಬ್ಲೇಡು 2 ಮಿ.ಮೀ. ಪೂರ್ತಿ ಇಳಿಯದೇ ಇರಬಹುದು. ಮೊದಲು ಮೂಲೆಯಲ್ಲಿ ಒಂದು ಚೌಕ ಕತ್ತರಿಸಿ ನೋಡಿ. ಸಣ್ಣ ಅಕ್ಷರ ಇದರಲ್ಲಿ ಬರುವುದೇ ಇಲ್ಲ. ಅಂಗೈ ಅಗಲದ ಚಿತ್ರ, ಮೂರು ಬೆರಳು ಎತ್ತರದ ಅಕ್ಷರ, ಇದಕ್ಕೆ ಫೋಮನ್ನು ಮೀರಿಸುವುದು ಯಾವುದೂ ಇಲ್ಲ. ಮೆತ್ತಗಿರುವುದರಿಂದ ಬಟ್ಟೆ ಚೀಲ, ರಟ್ಟಿನ ಪೆಟ್ಟಿಗೆ ಇಂಥ ಒರಟು ಮೈಮೇಲೂ ಕೂರುತ್ತದೆ. ಬಟ್ಟೆಗೆ ಸ್ಟ್ಯಾಂಪ್ ಪ್ಯಾಡಿನ ಇಂಕು ಬೇಡ, ತೊಳೆದರೆ ಹೋಗುತ್ತದೆ. ಫ್ಯಾಬ್ರಿಕ್ ಬಣ್ಣವನ್ನು ಸ್ಪಂಜಿನಿಂದ ತೆಳುವಾಗಿ ಸವರಿ.

ಎಷ್ಟು ಮಕ್ಕಳು, ಎಷ್ಟು ಪಿರಿಯಡ್

ಈ ಲೆಕ್ಕ ಹಾಕದೆ ಯಂತ್ರ ಆರಿಸಿದರೆ ಅರ್ಧ ಮಕ್ಕಳು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. 3ಡಿ ಪ್ರಿಂಟರಿನಲ್ಲಿ ಒಂದು ಸಣ್ಣ ಶಿಕ್ಕಾಕ್ಕೆ ನಮ್ಮಲ್ಲಿ ಸುಮಾರು 50 ನಿಮಿಷ ಬೇಕು. 30 ಮಕ್ಕಳಿಗೆ 25 ಗಂಟೆ. ಶಾಲೆಯ ಸಮಯದಲ್ಲಿ ಅದಕ್ಕೆ ಹೆಚ್ಚುಕಡಿಮೆ ಒಂದು ವಾರವೇ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಇನ್ನೂ ಜಾಸ್ತಿ. ಕೆಲವು ಪ್ರಿಂಟರುಗಳು ನಿಂತಲ್ಲಿಂದ ಮುಂದುವರಿಯುತ್ತವೆ, ಆದರೆ ಅಲ್ಲೊಂದು ಗೆರೆ ಉಳಿಯುತ್ತದೆ. ಖರ್ಚು ಮಾತ್ರ ಕಡಿಮೆ. ಒಂದು ಕಿಲೋ ಪಿಎಲ್ಎ ಸಾವಿರ ರೂಪಾಯಿ ಆಸುಪಾಸು, ಒಂದು ಶಿಕ್ಕಾಕ್ಕೆ 20 ಗ್ರಾಂ ಹಿಡಿದರೆ 20 ರೂಪಾಯಿ ಆಯಿತು. ಲೇಸರಿನಲ್ಲಿ ಒಂದೇ ಎ4 ರಬ್ಬರ್ ಹಾಳೆಯ ಮೇಲೆ ಮೂವತ್ತೂ ಜನರ ಶಿಕ್ಕಾ ಒಟ್ಟಿಗೆ ಜೋಡಿಸಿ, ಒಂದು ಶನಿವಾರ ಮಧ್ಯಾಹ್ನ ಕೂತರೆ ಮುಗಿಯುತ್ತದೆ. ಫೋಮು, ಅಳಿಸುವ ರಬ್ಬರು ಒಂದೇ ಪಿರಿಯಡ್.

ಹಿಡಿಕೆಗೆ ಹಳೇ ಕೇರಂ ಕಾಯಿ, ಬಡಗಿ ಅಂಗಡಿಯ ಮರದ ಚೂರು ಸಾಕು. ರಬ್ಬರನ್ನು ಮರಕ್ಕೆ ಅಂಟಿಸಲು ಸಾದಾ ಬಿಳಿ ಅಂಟು ನಿಲ್ಲುವುದಿಲ್ಲ. ಪಂಕ್ಚರ್ ಹಾಕುವವರ ಹತ್ತಿರ ಇರುವಂಥ ರಬ್ಬರ್ ಸಲ್ಯೂಷನ್ ಎರಡೂ ಕಡೆ ಹಚ್ಚಿ, ಒಣಗಿದ ಹಾಗೆ ಆದಮೇಲೆ ಒತ್ತಿ. ನಡುವೆ ತೆಳು ಸ್ಪಂಜಿನ ಹಾಳೆ ಇದ್ದರೆ ಅಚ್ಚು ಎಲ್ಲ ಕಡೆ ಸಮನಾಗಿ ಬೀಳುತ್ತದೆ.

ಕಚೇರಿ ಕೆಲಸಕ್ಕೆ ನಾಳೆಯೇ ಸೀಲು ಬೇಕಿದ್ದರೆ ಮಕ್ಕಳ ಕೈಗೆ ಕೊಡಬೇಡಿ, ಪೇಟೆಯಲ್ಲಿ ಮಾಡಿಸಿ. ಅಂಗಡಿಯ ಸೆಲ್ಫ್ ಇಂಕ್ (ಪ್ಯಾಡು ಒಳಗೇ ಇರುವ), ಪ್ರೀ ಇಂಕ್ (ಇಂಕು ಒಳಗೇ ತುಂಬಿರುವ) ಸೀಲುಗಳ ಅಚ್ಚುಕಟ್ಟು ನಮ್ಮ ಲ್ಯಾಬಿನದ್ದಕ್ಕೆ ಬರುವುದಿಲ್ಲ. ಪ್ರೀ ಇಂಕ್ ಹೇಗೆ ಮಾಡುತ್ತಾರೆ ಎಂದು ಮಕ್ಕಳಿಗೆ ತೋರಿಸಿಕೊಂಡು ಬರುವುದು ಚೆನ್ನ. ಫೋಮಿನ ಮೇಲೆ ಫಿಲ್ಮ್ ಇಟ್ಟು ಜೋರಾದ ಫ್ಲಾಶ್ ಬೆಳಕು ಹಾಯಿಸುತ್ತಾರೆ. ಬೆಳಕು ಬಿದ್ದ ಕಡೆ ಫೋಮಿನ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಕಪ್ಪು ಅಕ್ಷರ ಅಡ್ಡವಾದ ಕಡೆ ತೆರೆದೇ ಇರುತ್ತವೆ, ಅಲ್ಲಿಂದ ಇಂಕು ಹೊರಬರುತ್ತದೆ.

ಏನು ಮಾಡಬಾರದು ಎನ್ನುವುದನ್ನೂ ಮೊದಲ ದಿನವೇ ಹೇಳಿಬಿಡಿ. ಲೇಸರ್ ಕೈಗೆ ಸಿಕ್ಕ ವಾರದಲ್ಲೇ ಒಬ್ಬ ಹುಡುಗ ಹೆಡ್‌ಮಾಸ್ತರರ ಸಹಿ ಇರುವ ರಜೆ ಚೀಟಿ ತಂದು, ಅದರ ಸೀಲನ್ನು ಸ್ಕ್ಯಾನ್ ಮಾಡಲು ಕೂತಿದ್ದ. ಬೇರೆಯವರ ಸೀಲು ಮಾಡುವುದು ಆಟವಲ್ಲ, ಅಪರಾಧ. ನಾಲ್ಕು ಸಿಂಹದ ರಾಷ್ಟ್ರಲಾಂಛನವನ್ನೂ ಹಾಕುವ ಹಾಗಿಲ್ಲ, ಅದಕ್ಕೆ 2005ರ ಕಾಯಿದೆಯೇ ಇದೆ. ಅದೇ ಹುಡುಗನಿಗೆ ಗ್ರಂಥಾಲಯದ ಸೀಲಿನ ಕೆಲಸ ವಹಿಸಿದೆವು, ಹೆಡ್‌ಮಾಸ್ತರರಿಂದಲೇ ಬರೆಸಿಕೊಂಡು ಬಂದ ಒಪ್ಪಿಗೆ ಪತ್ರದ ಜೊತೆ.

ಕೊನೆಯದಾಗಿ ಒಂದು ಆರ್ಡರ್ ಬಗ್ಗೆ. ಹಾವೇರಿ ಕಡೆಯ ಹುಡುಗಿಯೊಬ್ಬಳ ಕಾಕಾ ಬ್ಯಾಡಗಿಗೆ ಮೆಣಸಿನಕಾಯಿ ಕಳಿಸುತ್ತಾರೆ. ಗೋಣಿಚೀಲದ ಮೇಲೆ ಹೊಡೆಯಲು ಅವರಿಗೊಂದು ಶಿಕ್ಕಾ ಬೇಕಿತ್ತು. ಅವಳು ಮೊದಲು ಲೇಸರ್ ರಬ್ಬರಿನಲ್ಲಿ ಚಂದದ ಮೆಣಸಿನಕಾಯಿ ಕೆತ್ತಿದಳು. ಗೋಣಿಯ ದಪ್ಪ ನೇಯ್ಗೆಯ ಮೇಲೆ ಅದು ಚುಕ್ಕೆ ಚುಕ್ಕೆಯಾಗಿ ಬಿತ್ತು. ಮುಂದೆ 3ಡಿ ಪ್ರಿಂಟ್, ಅದೂ ಅಷ್ಟಕ್ಕಷ್ಟೆ. ಮೂರನೇ ಸಲ ಎರಡು ಪದರ ಫೋಮನ್ನು ಕತ್ತರಿಯಲ್ಲಿ ಕತ್ತರಿಸಿ, ರೊಟ್ಟಿ ಬಡಿಯುವ ಹಳೇ ಮಣೆಗೆ ಅಂಟಿಸಿ, ಬಣ್ಣ ಸವರಿ, ಮೇಲೆ ಒಮ್ಮೆ ಕಾಲಿಟ್ಟು ನಿಂತಳು. ಗೇಣುದ್ದದ ಕೆಂಪು ಮೆಣಸಿನಕಾಯಿ ಮೂಡಿತು. ಕಾಕಾ ಈಗ ಇನ್ನೊಂದು ಕೇಳಿದ್ದಾರೆ. ಅದರಲ್ಲಿ ಅವರ ಪೂರ್ತಿ ವಿಳಾಸವೂ ಇರಬೇಕಂತೆ, ಪಿನ್‌ಕೋಡ್ ಸಮೇತ.